ತರಬೇತಿ ಇಲ್ಲದವರಿಗೆ ಆತ್ಮರಕ್ಷಣೆಯ ಪಟ್ಟುಗಳು ಎಷ್ಟು ಕೆಲಸಕ್ಕೆ ಬರುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಯಾವ ಸಮರಕಲೆಯನ್ನೂ ಕಲಿಯದವರಿಗಾಗಿ, ಕಲಿಯಲು ವಾರಕ್ಕೆ ಮೂರು ಸಂಜೆ ಎತ್ತಿಡಲಾಗದವರಿಗಾಗಿ. ಯಾವುದು ಕೈಗೆ ಒದಗುತ್ತದೆ, ಯಾವುದು ಕೈಕೊಡುತ್ತದೆ, ಯಾಕೆ ಎಂಬುದಷ್ಟೇ ಇಲ್ಲಿನ ವಿಷಯ.

ವಿಡಿಯೊ ನೋಡಿ ಕಲಿತ ಪಟ್ಟು ಸಮಯಕ್ಕೆ ಒದಗುತ್ತದೆಯೇ?

ಬಹುಮಟ್ಟಿಗೆ ಇಲ್ಲ. ವಿಡಿಯೊದಲ್ಲಿ ಎದುರಿನವನು ಕೈ ಚಾಚಿ ಹಾಗೆಯೇ ನಿಂತಿರುತ್ತಾನೆ. ಯಾವ ಕೈ ಬರುತ್ತದೆ, ಯಾವಾಗ ಬರುತ್ತದೆ ಎಂಬುದು ಇಬ್ಬರಿಗೂ ಮೊದಲೇ ಗೊತ್ತು. ನಿಜವಾಗಿ ಮಣಿಕಟ್ಟು ಹಿಡಿದವನು ಹಿಡಿದು ಸುಮ್ಮನಿರುವುದಿಲ್ಲ. ಎಳೆಯುತ್ತಾನೆ, ಗೋಡೆಗೆ ಒತ್ತುತ್ತಾನೆ, ಖಾಲಿ ಇರುವ ಇನ್ನೊಂದು ಕೈಯಲ್ಲಿ ಬಾರಿಸುತ್ತಾನೆ. ನೀವು ಕಲಿತದ್ದು ಹಿಡಿತ ಬಿಡಿಸುವುದನ್ನು; ಎದುರಾಗಿರುವುದು ಎಳೆತ, ತಳ್ಳಾಟ, ಹೊಡೆತ ಎಲ್ಲ ಒಟ್ಟಿಗೆ.

ಕಾಲದ ಲೆಕ್ಕವೂ ನಿಮ್ಮ ಪರವಾಗಿಲ್ಲ. ಏನು ಬರುತ್ತದೆಂದು ಮೊದಲೇ ಗೊತ್ತಿದ್ದಾಗಲೂ ಕಣ್ಣಿಗೆ ಕಂಡದ್ದಕ್ಕೆ ಕೈ ಮಿಸುಕಲು ಸುಮಾರು ಕಾಲು ಸೆಕೆಂಡು ಬೇಕು. ತೋಳಳತೆಯಿಂದ ಬರುವ ಗುದ್ದು ಅಷ್ಟರಲ್ಲಿ ಮುಖ ಮುಟ್ಟಿರುತ್ತದೆ. ಅದರ ಮೇಲೆ, ಇದಕ್ಕೆ ಈ ಪಟ್ಟು, ಅದಕ್ಕೆ ಆ ಪಟ್ಟು ಎಂದು ಇಪ್ಪತ್ತು ಆಯ್ಕೆ ತಲೆಯಲ್ಲಿದ್ದರೆ ಇನ್ನೂ ತಡ. ಆಯ್ಕೆ ಹೆಚ್ಚಿದಂತೆ ಪ್ರತಿಕ್ರಿಯೆ ನಿಧಾನವಾಗುತ್ತದೆ ಎಂಬುದನ್ನು ಮನೋವಿಜ್ಞಾನಿ ವಿಲಿಯಂ ಹಿಕ್ 1952ರಲ್ಲೇ ಅಳೆದು ತೋರಿಸಿದ್ದರು. ತರಬೇತಿ ಇಲ್ಲದವರಿಗೆ ಇಪ್ಪತ್ತು ಪಟ್ಟುಗಳಿಗಿಂತ ಎರಡೇ ವಾಸಿ ಎನ್ನುವುದಕ್ಕೆ ಇದೇ ಕಾರಣ.

ಹಾಗಾದರೆ ಪಟ್ಟುಗಳೇ ಸುಳ್ಳೇ?

ಅಲ್ಲ. ಹೆಬ್ಬೆರಳಿನ ಕಡೆಯಿಂದ ಹಿಡಿತ ಬಿಡಿಸಬಹುದು ಎಂಬುದು ನಿಜ, ಅಂಗೈ ಬುಡದ ಹೊಡೆತಕ್ಕೆ ತೂಕವಿದೆ ಎಂಬುದೂ ನಿಜ. ಆದರೆ ಎದುರಿನವನು ಬಿಟ್ಟುಕೊಡದೆ ಸೆಣಸುತ್ತಿದ್ದಾಗ ಮಾಡಿ ನೋಡದಿದ್ದರೆ ಆ ನಿಜ ನಿಮ್ಮದಾಗುವುದಿಲ್ಲ. ದಡದಲ್ಲಿ ನಿಂತು ಕೈ ಬೀಸಿದವರು ನೀರಿಗೆ ಬಿದ್ದಾಗ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ.

ಗಾಬರಿಯಲ್ಲಿ ದೇಹದಲ್ಲಿ ಏನಾಗುತ್ತದೆ?

ಅಡ್ರಿನಲಿನ್ ನುಗ್ಗುತ್ತದೆ. ಎದೆಬಡಿತ ಏರುತ್ತದೆ, ದೊಡ್ಡ ಸ್ನಾಯುಗಳಿಗೆ ಬಲ ಬರುತ್ತದೆ, ಬೆರಳುಗಳ ನಾಜೂಕು ಹೋಗುತ್ತದೆ. ಬೀಗದ ಕೀಲಿ ಕಿಂಡಿಗೆ ಹೋಗುವುದಿಲ್ಲ, ಫೋನಿನ ಪಾಸ್‌ವರ್ಡ್ ಮೂರು ಸಲ ತಪ್ಪುತ್ತದೆ. ನೋಟ ಕಿರಿದಾಗಿ ಎದುರಿಗಿರುವ ಒಂದೇ ವಸ್ತುವಿಗೆ ಅಂಟಿಕೊಳ್ಳುತ್ತದೆ. ಪಕ್ಕದಲ್ಲಿರುವ ಎರಡನೆಯವನೂ ಕಾಣುವುದಿಲ್ಲ, ತೆರೆದ ಬಾಗಿಲೂ ಕಾಣುವುದಿಲ್ಲ. ಕಿವಿ ಮಂದವಾಗುತ್ತದೆ. ಉಸಿರು ಮೇಲೆ ಸಿಕ್ಕಿಕೊಂಡು ಕೂಗಬೇಕೆಂದರೆ ದನಿಯೇ ಹೊರಡುವುದಿಲ್ಲ.

ಬೆರಳು ತಿರುಚುವ, ಮಣಿಕಟ್ಟನ್ನು ಒಂದು ಕೋನಕ್ಕೆ ಮಡಚುವ ವರಸೆಗಳು ಇಂಥ ಹೊತ್ತಿನಲ್ಲಿ ಮೊದಲು ಕೈಬಿಟ್ಟುಹೋಗುತ್ತವೆ. ತಳ್ಳುವುದು, ಎಳೆಯುವುದು, ಒದೆಯುವುದು, ಓಡುವುದು ಉಳಿಯುತ್ತವೆ. ಕಲಿಯುವುದಾದರೆ ಆ ಜಾತಿಯವನ್ನು ಕಲಿಯಬೇಕು.

ಜಂಘಾಬಲವೇ ಉಡುಗಿಹೋದರೆ?

ಅದು ಹೇಡಿತನವಲ್ಲ. ಹೆದರಿದ ದೇಹ ಸ್ತಬ್ಧವಾಗುವುದು ನರಮಂಡಲದ ಸಹಜ ಪ್ರತಿಕ್ರಿಯೆ, ಬುದ್ಧಿಯ ಅಪ್ಪಣೆ ಕೇಳಿ ಬರುವುದಲ್ಲ. ತರಬೇತಿ ಪಡೆದವರಿಗೂ ಆಗುತ್ತದೆ. ಹಾಗೆ ಆದವರಿಗೆ ನಂತರ ‘ಯಾಕೆ ಕೂಗಲಿಲ್ಲ, ಯಾಕೆ ಹೊಡೆಯಲಿಲ್ಲ’ ಎಂದು ಕೇಳುವುದು ಗಾಯದ ಮೇಲೆ ಬರೆ ಎಳೆದಂತೆ.

ಆ ಸ್ತಬ್ಧತೆಯನ್ನು ಸ್ವಲ್ಪ ಮಟ್ಟಿಗೆ ಮುರಿಯಬಹುದು. ಮೂಗಿನಿಂದ ಎಳೆದುಕೊಂಡ ಉಸಿರನ್ನು ಬಾಯಿಂದ ಜೋರಾಗಿ ಹೊರಕ್ಕೆ ತಳ್ಳಿ. ಉಸಿರು ಹೊರಟರೆ ಅದರ ಬೆನ್ನಿಗೆ ದನಿ ಬರುತ್ತದೆ, ದನಿಯ ಬೆನ್ನಿಗೆ ಕಾಲು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೂ ಸಾಕು, ದೇಹ ಮತ್ತೆ ನಿಮ್ಮ ಮಾತು ಕೇಳಲು ತೊಡಗುತ್ತದೆ.

ದಾಳಿ ಆಗುವ ಮುಂಚೆ ಗೊತ್ತಾಗುತ್ತದೆಯೇ?

ಎಲ್ಲ ಸಲ ಅಲ್ಲ, ಆದರೆ ಜನ ಅಂದುಕೊಂಡದ್ದಕ್ಕಿಂತ ಹೆಚ್ಚು ಸಲ. ನಿಮ್ಮೊಡನೆ ಮಾತಾಡುತ್ತಲೇ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಎಡಕ್ಕೂ ಬಲಕ್ಕೂ ಹಿಂದಕ್ಕೂ ಕಣ್ಣಾಡಿಸುವುದು. ಒಂದು ಕೈ ಬೆನ್ನ ಹಿಂದೆ ಅಥವಾ ಜೇಬಿನಲ್ಲೇ ಉಳಿಯುವುದು. ಗಂಟೆ ಎಷ್ಟು, ದಾರಿ ಯಾವುದು ಎಂಬ ನೆಪದಲ್ಲಿ ಬೇಕಿಲ್ಲದಷ್ಟು ಹತ್ತಿರ ಬರುವುದು. ನೀವು ದಾರಿ ಬದಲಿಸಿದಾಗ ತಾನೂ ಬದಲಿಸುವುದು. ಜಗಳ ಏರುತ್ತಿದ್ದರೆ ಗುರುತುಗಳೇ ಬೇರೆ: ದವಡೆ ಬಿಗಿಯುತ್ತದೆ, ಮುಷ್ಟಿ ಕಟ್ಟಿ ಬಿಚ್ಚುತ್ತದೆ, ಒಂದು ಕಾಲು ಹಿಂದೆ ಸರಿದು ಭುಜ ಓರೆಯಾಗುತ್ತದೆ. ಅಬ್ಬರಿಸುತ್ತಿದ್ದವನು ಒಮ್ಮೆಲೇ ಸುಮ್ಮನಾಗುವುದು ಇದೆಯಲ್ಲ, ಅಬ್ಬರಕ್ಕಿಂತ ಅದಕ್ಕೆ ಹೆಚ್ಚು ಹೆದರಬೇಕು.

ಯಾವುದೋ ಒಂದೇ ಗುರುತು ಕಂಡರೆ ಹಗ್ಗವನ್ನು ಹಾವು ಎನ್ನಬೇಕಾಗಿಲ್ಲ. ಎರಡು ಮೂರು ಒಟ್ಟಿಗೆ ಕಂಡರೆ ಸರಿಯಾಗಿ ಯೋಚಿಸಲು ನಿಲ್ಲಬೇಡಿ, ಜಾಗ ಬಿಡಿ. ಸುಮ್ಮಸುಮ್ಮನೆ ರಸ್ತೆ ದಾಟಿದೆವಲ್ಲ ಎಂಬ ಮುಜುಗರದಿಂದ ಯಾರಿಗೂ ಗಾಯವಾಗಿಲ್ಲ.

ಎಷ್ಟು ದೂರದಲ್ಲಿ ನಿಲ್ಲಬೇಕು, ಕೈ ಎಲ್ಲಿರಬೇಕು, ಏನು ಹೇಳಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಅಭ್ಯಾಸವಿಲ್ಲದವರಿಗೆ ಅತಿ ಹೆಚ್ಚು ಸಲ ಕೆಲಸಕ್ಕೆ ಬರುವುದು ಪಟ್ಟು ಆರಂಭವಾಗುವ ಮುಂಚಿನ ಈ ಭಾಗ.

ಅಂತರ: ಎರಡು ತೋಳಳತೆ, ಅಂದರೆ ಒಂದೂವರೆಯಿಂದ ಎರಡು ಮೀಟರ್. ಅಲ್ಲಿಂದ ಹೊಡೆಯಬೇಕಾದರೆ ಎದುರಿನವನು ಒಂದು ಹೆಜ್ಜೆ ಇಡಲೇಬೇಕು. ಆ ಹೆಜ್ಜೆಯೇ ನಿಮಗೆ ಸಿಗುವ ಮುನ್ಸೂಚನೆ. ನಡುವೆ ಮೇಜು, ಬೈಕು, ಕಾರಿನ ಬಾನೆಟ್ ಏನಾದರೂ ಬರುವಂತೆ ಸರಿದುಕೊಳ್ಳಿ.

ನಿಲುವು: ಎದುರಾಗಿ ನೇರ ನಿಲ್ಲಬೇಡಿ. ಒಂದು ಕಾಲು ಅರ್ಧ ಹೆಜ್ಜೆ ಹಿಂದೆ, ಮೊಣಕಾಲು ಸಡಿಲ. ಎರಡೂ ಕೈ ಎದೆಯ ಮಟ್ಟದಲ್ಲಿ, ಅಂಗೈ ಬಿಚ್ಚಿ ಹೊರಮುಖವಾಗಿ, ‘ಸಮಾಧಾನ ಮಾಡ್ಕೊಳ್ಳಿ’ ಎನ್ನುವಾಗ ಇರುವ ಹಾಗೆ. ನೋಡುವವರಿಗೆ ಇದು ಜಗಳದ ಭಂಗಿಯಾಗಿ ಕಾಣುವುದಿಲ್ಲ. ಆದರೆ ಬರುವ ಹೊಡೆತಕ್ಕೂ ನಿಮ್ಮ ಮುಖಕ್ಕೂ ನಡುವೆ ಆಗಲೇ ಎರಡು ಕೈ ಇವೆ. ಕೈ ಕಟ್ಟಿ ನಿಲ್ಲುವುದು, ಜೇಬಿಗೆ ಹಾಕಿ ನಿಲ್ಲುವುದು, ಬೆರಳು ತೋರಿಸುವುದು ಮೂರೂ ಬೇಡ. ಬೆರಳು ತೋರಿಸಿದರೆ ಕೆಣಕಿದಂತೆಯೂ ಆಗುತ್ತದೆ, ಹಿಡಿದು ಎಳೆಯಲು ಹಿಡಿಕೆ ಕೊಟ್ಟಂತೆಯೂ ಆಗುತ್ತದೆ.

ಮಾತು: ಚಿಕ್ಕದು, ಗಟ್ಟಿ, ಒಂದೇ ಬಗೆಯದು. ‘ನಿಲ್ಲು!’ ‘ಹಿಂದೆ ಹೋಗು!’ ‘ಮುಟ್ಟಬೇಡ!’ ಹೊಟ್ಟೆಯಿಂದ ದನಿ ಬರಲಿ, ಕಿರುಚಿದಂತಿರಬಾರದು. ಪ್ರಶ್ನೆ ಕೇಳಬೇಡಿ, ‘ಯಾಕೆ ಹೀಗೆ ಮಾಡ್ತಿದೀಯ?’ ಎಂದರೆ ಮಾತು ಬೆಳೆಯುತ್ತದೆ, ಅಂತರ ಕರಗುತ್ತದೆ. ಬೈಗುಳವೂ ಬೇಡ. ಕುಡಿದವನ ಜೊತೆ, ಅಹಂಕಾರಕ್ಕೆ ಪೆಟ್ಟುಬಿದ್ದವನ ಜೊತೆ ಆಜ್ಞೆಗಿಂತ ಮೆದು ಮಾತು ಹೆಚ್ಚು ಕೆಲಸ ಮಾಡುತ್ತದೆ: ‘ಆಯ್ತಪ್ಪ, ನಂದೇ ತಪ್ಪು, ಹೋಗ್ತೀನಿ.’ ಸೋತಂತೆ ಕಂಡರೆ ಕಾಣಲಿ, ಮೂಳೆ ಮುರಿಯುವುದಿಲ್ಲ.

ಸುತ್ತ ಜನರಿದ್ದರೆ ‘ಯಾರಾದರೂ ಬನ್ನಿ’ ಎನ್ನುವುದಕ್ಕಿಂತ ಒಬ್ಬರನ್ನು ಆರಿಸಿ ಕೂಗಿ: ‘ನೀಲಿ ಅಂಗಿಯವರೇ, ಪೊಲೀಸರಿಗೆ ಫೋನ್ ಮಾಡಿ!’ ಎಲ್ಲರನ್ನೂ ಕರೆದರೆ ಪ್ರತಿಯೊಬ್ಬರೂ ಇನ್ನೊಬ್ಬರು ಹೋಗಲಿ ಎಂದು ಕಾಯುತ್ತಾರೆ.

ಓಡುವುದು ಸರಿಯೇ?

ಕಾಲಿಗೆ ಬುದ್ಧಿ ಹೇಳುವುದಕ್ಕಿಂತ ಉತ್ತಮ ಪಟ್ಟು ಇನ್ನೊಂದಿಲ್ಲ. ಆದರೆ ‘ಯಾವುದರಿಂದ’ ಎಂಬುದರ ಜೊತೆ ‘ಎಲ್ಲಿಗೆ’ ಎಂಬುದೂ ತಿಳಿದಿರಬೇಕು: ಬೆಳಕು, ಜನ, ಒಳಗಿನಿಂದ ಬೀಗ ಹಾಕಬಹುದಾದ ಬಾಗಿಲು. ಕತ್ತಲ ಸಂದಿಗೆ ಓಡಿದರೆ ಒಂಟಿಯಾಗುತ್ತೀರಿ. ಕಾಲಲ್ಲಿ ಓಡಲಾಗದ ಪಾದರಕ್ಷೆ ಇದ್ದರೆ ಕಳಚಿ ಎಸೆಯಿರಿ. ಚೀಲ ಭಾರವಿದ್ದರೆ ಬಿಡಿ.

ಓಟ ಕೈಕೊಡುವ ಸಂದರ್ಭಗಳೂ ಇವೆ. ಜೊತೆಯಲ್ಲಿ ಮಗು ಅಥವಾ ವಯಸ್ಸಾದವರು ಇರಬಹುದು, ಬಾಗಿಲಿಗೆ ಅವನೇ ಅಡ್ಡ ನಿಂತಿರಬಹುದು, ಈಗಾಗಲೇ ಹಿಡಿದುಬಿಟ್ಟಿರಬಹುದು. ಮುಂದಿನ ಉತ್ತರಗಳು ಆ ಸಂದರ್ಭಗಳಿಗೆ.

ದುಡ್ಡು, ಫೋನು, ಸರ ಕೇಳಿದರೆ?

ಕೊಟ್ಟುಬಿಡಿ. ಕೈಗೆ ಕೊಡಲು ಹತ್ತಿರ ಹೋಗಬೇಡಿ. ಅವನ ಒಂದು ಪಕ್ಕಕ್ಕೆ ಕೆಲವು ಮೀಟರ್ ದೂರ ಬೀಳುವಂತೆ ಎಸೆದು, ನೀವು ಎದುರು ದಿಕ್ಕಿಗೆ ಓಡಿ. ವಸ್ತು ಕೊಟ್ಟ ಮೇಲೂ ‘ಬಾ, ಗಾಡಿ ಹತ್ತು’ ಎಂದರೆ ಲೆಕ್ಕ ಬದಲಾಯಿತು. ಅವನು ಕರೆದೊಯ್ಯುವ ಜಾಗ ಅವನಿಗೆ ಅನುಕೂಲವಾದದ್ದೇ ಆಗಿರುತ್ತದೆ, ಆದ್ದರಿಂದ ಕೂಗಾಟ, ಹೋರಾಟ, ಓಟ ಎಲ್ಲವನ್ನೂ ಈಗಿರುವ ಜಾಗದಲ್ಲೇ ಮಾಡಬೇಕು.

ಮಣಿಕಟ್ಟು ಹಿಡಿದರೆ ಬಿಡಿಸಿಕೊಳ್ಳುವುದು ಹೇಗೆ?

ಒಂದು ಕೈಯ ಹಿಡಿತದಲ್ಲಿ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂದೇ ಇನ್ನೊಂದು ಕಡೆ. ಹೆಬ್ಬೆರಳ ತುದಿಯೂ ಬೆರಳುಗಳ ತುದಿಯೂ ಸೇರುವ ಸಂದೇ ಬಾಗಿಲು.

ಮೊದಲು ನಿಮ್ಮ ಮಣಿಕಟ್ಟನ್ನು ಹೊರಳಿಸಿ, ಅದರ ಅಗಲ ಭಾಗದ ಬದಲು ತೆಳು ಅಂಚು ಆ ಸಂದಿಗೆ ಬರಲಿ. ಆಮೇಲೆ ಅವನ ಕಡೆಗೇ ಅರ್ಧ ಹೆಜ್ಜೆ ಇಟ್ಟು, ನಿಮ್ಮ ಮೊಣಕೈಯನ್ನು ಅವನ ಮೊಣಕೈಯತ್ತ ತಳ್ಳಿ. ತೋಳು ಮಡಚಿಕೊಳ್ಳುತ್ತಿದ್ದಂತೆ ಸೊಂಟ ತಿರುಗಿಸಿ, ಕೈಯನ್ನು ಆ ಸಂದಿನ ಮೂಲಕ ಜಗ್ಗಿ ನಿಮ್ಮ ಭುಜದ ಕಡೆ ತನ್ನಿ. ಎರಡೂ ಕೈಯಿಂದ ಒಂದು ಮಣಿಕಟ್ಟು ಹಿಡಿದಿದ್ದರೆ, ನಿಮ್ಮ ಖಾಲಿ ಕೈಯನ್ನು ಅವನ ತೋಳುಗಳ ನಡುವೆ ತೂರಿಸಿ, ನಿಮ್ಮದೇ ಮುಷ್ಟಿಯನ್ನು ಹಿಡಿದು, ಇಡೀ ಮೈಯಿಂದ ಮೇಲಕ್ಕೆ ಎಳೆಯಿರಿ.

ತಪ್ಪುವುದು ಎಲ್ಲಿ? ಹಿಂದಕ್ಕೆ ಜಗ್ಗುವುದರಲ್ಲಿ. ಯಾರು ಹಿಡಿದರೂ ದೇಹ ತಾನಾಗಿ ಹಿಂದೆ ಎಳೆಯುತ್ತದೆ. ಆಗ ತೋಳು ನೇರವಾಗಿ, ನಿಮ್ಮ ಬಲಕ್ಕೂ ಅವನ ಬಲಕ್ಕೂ ನೇರ ಪೈಪೋಟಿ ಆಗುತ್ತದೆ. ಎರಡನೆಯ ತಪ್ಪು, ಬಿಡಿಸಿಕೊಂಡ ಮೇಲೆ ಅಲ್ಲೇ ನಿಲ್ಲುವುದು. ಬಿಡಿಸಿಕೊಂಡ ಕೈ ಮತ್ತೆ ಹಿಡಿಯಲ್ಪಡುತ್ತದೆ, ಈ ಸಲ ಬಿಗಿಯಾಗಿ. ಬಲದ ಅಂತರ ತುಂಬಾ ಇದ್ದರೆ ಬರೀ ಈ ಪಟ್ಟಿನಿಂದ ಆಗುವುದಿಲ್ಲ. ಮೊಣಕಾಲ ಕೆಳಗಿನ ಮುಂಗಾಲ ಎಲುಬಿಗೆ ಬೂಟಿನ ಅಂಚಿನಿಂದ ಒದ್ದು, ಅವನ ಗಮನ ಕೆಳಗೆ ಹೋದ ಕ್ಷಣದಲ್ಲಿ ಎಳೆದುಕೊಳ್ಳಬೇಕು.

ಹೊಡೆಯಲೇಬೇಕಾದರೆ ಮುಷ್ಟಿಯೇ, ಅಂಗೈಯೇ?

ಅಂಗೈ. ತಲೆಬುರುಡೆ ಗಟ್ಟಿ, ಬೆರಳ ಬುಡದ ಎಲುಬುಗಳು ಸಣ್ಣವು. ಅಭ್ಯಾಸವಿಲ್ಲದವರು ಬೀಸಿ ಗುದ್ದಿದಾಗ ಹೊಡೆತ ಕಿರುಬೆರಳ ಕಡೆ ಬಿದ್ದು ಅಲ್ಲಿನ ಅಂಗೈ ಎಲುಬು ಮುರಿಯುವುದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದಕ್ಕೆ ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಎಂದೇ ಹೆಸರಿಟ್ಟಿದ್ದಾರೆ. ಗುದ್ದು ಹಲ್ಲಿಗೆ ತಾಗಿ ಗೆಣ್ಣು ಸೀಳಿದರೆ ಇನ್ನೊಂದು ತೊಂದರೆ: ಬಾಯಿಯ ಬ್ಯಾಕ್ಟೀರಿಯಾ ಕೀಲಿನೊಳಗೆ ಸೇರಿ ಕೀವಾಗುತ್ತದೆ. ಗಾಯ ಚಿಕ್ಕದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಅಂಗೈ ಹೊಡೆತಕ್ಕೆ ಬೆರಳುಗಳನ್ನು ಹಿಂದಕ್ಕೆ ಬಾಗಿಸಿ, ಮಣಿಕಟ್ಟಿನ ಪಕ್ಕದ ಗಟ್ಟಿ ದಿಂಬಿನಿಂದ ಮೂಗು ಅಥವಾ ಗದ್ದವನ್ನು ಗುರಿಯಾಗಿಸಿ, ಹಿಂಗಾಲಿನಿಂದ ನೆಲ ಒತ್ತಿ, ಸೊಂಟ ತಿರುಗಿಸಿ ನೇರ ಮುಂದಕ್ಕೆ ತಳ್ಳಿ. ಇನ್ನೊಂದು ಸುಲಭದ್ದು ಮುಷ್ಟಿಯ ಕಿರುಬೆರಳ ಕಡೆಯ ಮಾಂಸಲ ಭಾಗದಿಂದ, ಬಾಗಿಲು ಬಡಿದಂತೆ, ಮೇಲಿಂದ ಕೆಳಕ್ಕೆ ಬಡಿಯುವುದು. ಒಂದೇ ಹೊಡೆತಕ್ಕೆ ಆಳು ಉರುಳುತ್ತಾನೆ ಎಂದುಕೊಳ್ಳಬೇಡಿ. ಮೂರು ನಾಲ್ಕು ಹೊಡೆತ ಬೆನ್ನುಬೆನ್ನಿಗೆ, ಹಿಡಿತ ಸಡಿಲವಾದ ತಕ್ಷಣ ಓಟ.

ತೊಡೆಸಂದಿಗೆ ಒದ್ದರೆ ಮುಗಿಯಿತು ಎನ್ನುತ್ತಾರಲ್ಲ?

ಮುಗಿಯುವುದಿಲ್ಲ. ಗಂಡಸರು ಆ ಜಾಗವನ್ನು ಹುಟ್ಟಿದಾರಭ್ಯ ಕಾಯ್ದುಕೊಂಡೇ ಬಂದಿರುತ್ತಾರೆ. ನಿಮ್ಮ ಭುಜ ಅಲುಗಿದರೆ ಸಾಕು, ತೊಡೆ ಮುಚ್ಚಿಕೊಳ್ಳುತ್ತದೆ, ಕಾಲು ಹಿಡಿಯಲು ಕೈ ಬರುತ್ತದೆ. ಸರಿಯಾಗಿ ಬಿದ್ದ ಪೆಟ್ಟಿನ ನೋವೂ ಕೆಲವು ಸಲ ತಡವಾಗಿ ಏರುತ್ತದೆ. ಕುಡಿದಿದ್ದರೆ, ರೋಷದಲ್ಲಿದ್ದರೆ ಇನ್ನೂ ತಡ. ಒಂಟಿಕಾಲಿನಲ್ಲಿ ನಿಂತ ನೀವು ಬೀಳುವ ಸಾಧ್ಯತೆಯೂ ಇದೆ. ಅವನು ಈಗಾಗಲೇ ಮೈಗೆ ಮೈ ತಾಗುವಷ್ಟು ಹತ್ತಿರ ಬಂದಿದ್ದರೆ, ಎರಡೂ ಕೈಯಲ್ಲಿ ಅವನ ಭುಜ ಹಿಡಿದು ಮೊಣಕಾಲು ಎತ್ತುವುದು ದೂರದ ಒದೆಗಿಂತ ನಂಬಿಕಸ್ಥ.

ಕಣ್ಣಿಗೆ ಬೆರಳು ಹಾಕುವುದರದ್ದೂ ಇದೇ ಕಥೆ. ತಲೆ ಅಲುಗುತ್ತಲೇ ಇರುತ್ತದೆ, ಗುರಿ ಸಿಗುವುದಿಲ್ಲ. ಆದರೆ ಮುಖಕ್ಕೆ ಕೈ ಬಂದಾಗ ಯಾರಾದರೂ ತಲೆ ಹಿಂದೆ ಎಳೆಯುತ್ತಾರೆ, ಕಣ್ಣು ಮುಚ್ಚುತ್ತಾರೆ. ಓಡಲು ಅಷ್ಟು ಸಂದು ಸಿಕ್ಕರೆ ಅದು ಲಾಭವೇ. ಗಂಟಲಿಗೆ ಹೊಡೆಯುವುದನ್ನು ಹಗುರಾಗಿ ಹೇಳಿಕೊಡುವವರಿದ್ದಾರೆ. ಅದರಿಂದ ಶ್ವಾಸನಾಳ ಊದಿ ಜೀವ ಹೋಗಬಹುದು, ಜೀವಕ್ಕೇ ಕುತ್ತು ಬಂದಾಗಲಲ್ಲದೆ ಅದಕ್ಕೆ ಕೈ ಹಾಕಬಾರದು.

ಕತ್ತು ಹಿಸುಕಿದರೆ?

ಇಲ್ಲಿ ಸಮಯ ಬಹಳ ಕಡಿಮೆ. ಕತ್ತಿನ ಎರಡೂ ಪಕ್ಕದ ರಕ್ತನಾಳ ಒತ್ತಿದರೆ ಸುಮಾರು ಹತ್ತು ಸೆಕೆಂಡಿನಲ್ಲಿ, ಕೆಲವೊಮ್ಮೆ ಅದಕ್ಕೂ ಮುಂಚೆ, ಎಚ್ಚರ ತಪ್ಪುತ್ತದೆ.

ಎದುರಿನಿಂದ ಎರಡು ಕೈ ಬಂದರೆ ಗದ್ದವನ್ನು ಎದೆಗೆ ಒತ್ತಿ, ಭುಜ ಎತ್ತಿ. ಬೆರಳುಗಳನ್ನು ಕೊಕ್ಕೆಯಂತೆ ಮಡಚಿ, ಅವನ ಹೆಬ್ಬೆರಳುಗಳ ಮೇಲೆ ಹಾಕಿ, ಸೊಂಟ ಹಿಂದಕ್ಕೆ ಹಾಕುತ್ತಾ ಹೊರಕ್ಕೂ ಕೆಳಕ್ಕೂ ಕೀಳಿ. ಅದೇ ಉಸಿರಿನಲ್ಲಿ ಒದೆ ಇಲ್ಲವೇ ಅಂಗೈ. ಹಿಂದಿನಿಂದ ತೋಳು ಸುತ್ತಿದರೆ ಎರಡೂ ಕೈಯಿಂದ ಆ ತೋಳನ್ನೇ ಹಿಡಿದು ಕೆಳಕ್ಕೆ ಜೋತುಬೀಳಿ, ಗದ್ದವನ್ನು ಅವನ ಮೊಣಕೈ ಒಳಬಾಗಿನ ಕಡೆ ತಿರುಗಿಸಿ. ಅಲ್ಲಿ ಉಸಿರಿಗೆ ಸ್ವಲ್ಪ ಜಾಗವಿರುತ್ತದೆ. ಅವನ ಕೂದಲು, ಮುಖ ಹುಡುಕುತ್ತಾ ಕೈ ಹಿಂದೆ ಚಾಚುವುದು ಸಾಮಾನ್ಯ ತಪ್ಪು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಪೂರ್ತಿ ಬಿಗಿದ ಹಿಂದಿನ ಹಿಡಿತದಿಂದ ಅಭ್ಯಾಸವಿಲ್ಲದವರು ಪಾರಾಗುವುದು ಬಹಳ ಕಷ್ಟ. ತೋಳು ಒಳಗೆ ಬರುತ್ತಿರುವಾಗಲೇ, ಬಿಗಿಯುವ ಮೊದಲೇ, ಏನಾದರೂ ಮಾಡಿದರೆ ಉಂಟು.

ಪಾರಾದ ಮೇಲೆ ಕತ್ತಿನ ಮೇಲೆ ಗುರುತೇ ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಿ. ಒಳಗಿನ ಊತ ಗಂಟೆಗಳ ನಂತರ ಏರಬಹುದು. ರಕ್ತನಾಳದ ಒಳಪದರ ಹರಿದಿದ್ದರೆ ದಿನಗಳ ನಂತರ ಪಾರ್ಶ್ವವಾಯು ಆಗಬಹುದು. ದನಿ ಒಡೆಯುವುದು, ನುಂಗಲು ಕಷ್ಟವಾಗುವುದು, ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಒಂದು ನಿಮಿಷವೂ ಕಾಯಬಾರದು.

ಕೂದಲು ಹಿಡಿದರೆ?

ಎರಡೂ ಅಂಗೈಯಿಂದ ಅವನ ಕೈಯನ್ನು ನಿಮ್ಮ ತಲೆಗೇ ಒತ್ತಿ ಹಿಡಿಯಿರಿ. ಕೂದಲ ಮೇಲಿನ ಎಳೆತ ನಿಲ್ಲುತ್ತದೆ, ನೋವು ಇಳಿಯುತ್ತದೆ. ಮೊಣಕೈ ಒಳಕ್ಕೆ, ಮುಖಕ್ಕೆ ಅಡ್ಡವಾಗಿ. ದೂರ ಎಳೆಯದೆ ಅವನತ್ತಲೇ ನುಗ್ಗಿ ಮೊಣಕಾಲಿಗೆ, ಮುಂಗಾಲಿಗೆ ಒದೆಯಿರಿ.

ಕೆಳಗೆ ಬಿದ್ದರೆ?

ಬೀಳುವಾಗ ಗದ್ದ ಎದೆಗೆ. ಬೀದಿ ಜಗಳದಲ್ಲಿ ಒಂದೇ ಗುದ್ದಿಗೆ ಸಾವು ಸಂಭವಿಸಿದಾಗ ಅನೇಕ ಸಲ ಕೊಲ್ಲುವುದು ಗುದ್ದಲ್ಲ, ತಲೆಯ ಹಿಂಭಾಗ ನೆಲಕ್ಕೆ ಬಡಿಯುವುದು. ಜೂಡೊ ತರಗತಿಗಳಲ್ಲಿ ಮೊದಲು ಬೀಳುವುದನ್ನೇ ಕಲಿಸುತ್ತಾರೆ. ನಮ್ಮನ್ನು ಕೇಳಿದರೆ, ಆತ್ಮರಕ್ಷಣೆಯ ಎಲ್ಲ ಪಾಠಗಳಲ್ಲಿ ಜೀವನದಲ್ಲಿ ಖಂಡಿತ ಬಳಕೆಯಾಗುವುದು ಅದೊಂದೇ. ಜಾರುವ ನೆಲ ಎಲ್ಲ ಮನೆಯಲ್ಲೂ ಇದೆ.

ಬೆನ್ನ ಮೇಲೆ ಬಿದ್ದ ಮೇಲೆ ತಲೆ ಎತ್ತಿಕೊಂಡು, ಪಾದಗಳನ್ನು ಅವನ ಕಡೆಗೆ ತಿರುಗಿಸಿ. ಅವನು ಸುತ್ತು ಹಾಕಿದರೆ ನೀವೂ ಸೊಂಟದ ಮೇಲೆ ತಿರುಗುತ್ತಾ ಪಾದಗಳನ್ನೇ ಎದುರಿಗಿಡಿ, ಮೊಣಕಾಲಿಗೆ ಹಿಮ್ಮಡಿಯಿಂದ ಒದೆಯಿರಿ. ಸಂದು ಸಿಕ್ಕಾಗ ಏಳುವ ಕ್ರಮ ಹೀಗೆ: ಒಂದು ಪಕ್ಕಕ್ಕೆ ಹೊರಳಿ ಆ ಕಡೆಯ ಅಂಗೈ ನೆಲಕ್ಕೆ ಊರಿ, ಎದುರು ಕಡೆಯ ಪಾದ ಊರಿ, ಸೊಂಟ ಎತ್ತಿ, ಉಳಿದ ಕಾಲನ್ನು ದೇಹದ ಕೆಳಗಿನಿಂದ ಹಿಂದಕ್ಕೆ ಎಳೆದು ನಿಲ್ಲಿ. ಇನ್ನೊಂದು ಕೈ ಇಷ್ಟು ಹೊತ್ತೂ ಮುಖದ ಮುಂದೆಯೇ ಇರಬೇಕು. ಬಗ್ಗಿ ಎರಡೂ ಕೈ ಊರಿ ಎದ್ದರೆ ಮುಖ ನೇರವಾಗಿ ಅವನ ಕಾಲ ಮಟ್ಟಕ್ಕೆ ಸಿಗುತ್ತದೆ.

ಚಾಕು ಇದ್ದರೆ?

ಕಸಿಯುವ ಪಟ್ಟುಗಳನ್ನು ಮರೆತುಬಿಡಿ. ವರ್ಷಗಟ್ಟಲೆ ಕಲಿತವರಿಗೂ ಅವು ಕೊನೆಯ ದಾರಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದಂತೆ, ಆರೋಗ್ಯವಂತ ವ್ಯಕ್ತಿ 21 ಅಡಿ, ಅಂದರೆ ಆರು ಮೀಟರಿಗೂ ಸ್ವಲ್ಪ ಹೆಚ್ಚು ದೂರವನ್ನು, ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ಕೋಣೆಯ ಆ ತುದಿಯಲ್ಲಿರುವ ಚಾಕು ದೂರವಿಲ್ಲ. ಕೇಳಿದ್ದು ಕೊಡಿ, ಓಡಿ, ಓಡಲಾಗದಿದ್ದರೆ ಕುರ್ಚಿ, ಚೀಲ, ಬಾಗಿಲು ಏನಾದರೂ ಅಡ್ಡವಿಡಿ. ತೀರಾ ಅನಿವಾರ್ಯವಾದರೆ ಚಾಕುವಿರುವ ತೋಳನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಅದು ಹಿಂದೆ ಹೋಗಿ ಮತ್ತೆ ಬರದಂತೆ ತಡೆಯಬೇಕು. ಗಾಯವಾಗುತ್ತದೆ ಎಂದುಕೊಂಡೇ ಅದಕ್ಕೆ ಇಳಿಯಬೇಕು.

ಇರಿತದ ಗಾಯಕ್ಕೆ ಬಟ್ಟೆ ಇಟ್ಟು, ತೂಕ ಹಾಕಿ, ನಡುವೆ ತೆಗೆದು ನೋಡದೆ ಒತ್ತಿ ಹಿಡಿಯಿರಿ. ನಾಟಿಕೊಂಡಿರುವ ಅಲಗನ್ನು ಕೀಳಬೇಡಿ, ಅದೇ ಅಲ್ಲಿನ ರಕ್ತವನ್ನು ತಡೆದಿರಬಹುದು.

ಇಬ್ಬರು ಮೂವರು ಮುತ್ತಿದರೆ?

ನಡುವೆ ಸಿಕ್ಕಿಕೊಳ್ಳದಂತೆ ಒಂದು ಅಂಚಿಗೆ ಸರಿಯಿರಿ, ಅವರು ಒಬ್ಬರ ಹಿಂದೆ ಒಬ್ಬರು ಬರುವಂತೆ. ನೆಲಕ್ಕೆ ಬೀಳಲೇಬಾರದು. ಉಳಿದದ್ದು ಓಟ.

ಬೆರಳ ಸಂದಿನಲ್ಲಿ ಕೀಲಿ ಹಿಡಿಯುವುದು, ಪೆಪ್ಪರ್ ಸ್ಪ್ರೇ, ಅಲಾರಂ: ಇವುಗಳಲ್ಲಿ ಯಾವುದು ಒಳ್ಳೆಯದು?

ಕೀಲಿ ಬೇಡ. ತಾಗಿದ ಕ್ಷಣ ಅದು ಹೊರಳಿ ನಿಮ್ಮದೇ ಬೆರಳ ಬುಡ ಸೀಳುತ್ತದೆ. ಕೀಲಿಯನ್ನು ಬಾಗಿಲು ಬೇಗ ತೆಗೆಯಲು ಕೈಯಲ್ಲಿಟ್ಟುಕೊಳ್ಳಿ, ಅಷ್ಟೇ.

ಪೆಪ್ಪರ್ ಸ್ಪ್ರೇ ಕೆಲಸ ಮಾಡುತ್ತದೆ, ಷರತ್ತುಗಳಿವೆ. ಕೆಲವು ದೇಶಗಳಲ್ಲಿ ಇಟ್ಟುಕೊಳ್ಳುವುದೇ ಅಪರಾಧ, ಆದ್ದರಿಂದ ಮೊದಲು ನೀವಿರುವ ಕಡೆಯ ನಿಯಮ ನೋಡಿ. ಸಣ್ಣ ಡಬ್ಬಿಯ ಸಿಂಪಡಣೆ ಎರಡರಿಂದ ನಾಲ್ಕು ಮೀಟರ್ ಹೋಗುತ್ತದೆ. ಧಾರೆಯಾಗಿ ಚಿಮ್ಮುವುದು ಗಾಳಿಗೆ ಕಡಿಮೆ ಚದುರುತ್ತದೆ, ಆದರೆ ಗುರಿ ಬೇಕು. ಮಂಜಿನಂತೆ ಹರಡುವುದಕ್ಕೆ ಗುರಿ ಅಷ್ಟು ಬೇಡ, ಆದರೆ ಎದುರುಗಾಳಿ ಇದ್ದರೆ ಅಥವಾ ಲಿಫ್ಟಿನಂಥ ಮುಚ್ಚಿದ ಜಾಗವಿದ್ದರೆ ನಿಮ್ಮ ಕಣ್ಣಿಗೂ ಬರುತ್ತದೆ. ಹುಬ್ಬಿನ ಮಟ್ಟದಲ್ಲಿ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಎಳೆದಂತೆ ಒಂದೆರಡು ಸೆಕೆಂಡು ಹೊಡೆದು, ತಕ್ಷಣ ಪಕ್ಕಕ್ಕೆ ಸರಿಯಿರಿ. ಕಣ್ಣು ಮುಚ್ಚಿದವನು ನೇರ ಮುಂದಕ್ಕೆ ನುಗ್ಗುತ್ತಾನೆ. ಪರಿಣಾಮ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಇರುತ್ತದೆ, ಆದರೆ ಎಲ್ಲರ ಮೇಲೂ ಒಂದೇ ಸಮನಾಗಿ, ಒಂದೇ ವೇಗದಲ್ಲಿ ಅಲ್ಲ. ಡಬ್ಬಿಯ ಒತ್ತಡ ವರ್ಷಗಳಲ್ಲಿ ಇಳಿಯುವುದರಿಂದ ಅವಧಿ ಮುಗಿದದ್ದನ್ನು ಬದಲಿಸಿ. ಇಷ್ಟೆಲ್ಲ ಇದ್ದೂ ಹೆಚ್ಚಿನವರ ಸ್ಪ್ರೇ ಕೈಕೊಡುವುದು ಒಂದೇ ಕಾರಣಕ್ಕೆ, ಅದು ಚೀಲದ ತಳದಲ್ಲಿರುತ್ತದೆ. ನೀರು ತುಂಬಿದ ಅಭ್ಯಾಸದ ಡಬ್ಬಿ ಸಿಗುತ್ತದೆ; ಚೀಲದಿಂದ ತೆಗೆಯುವುದರಿಂದ ಹಿಡಿದು ಸುರಕ್ಷತಾ ಮುಚ್ಚಳ ಸರಿಸುವವರೆಗೆ ಹತ್ತಾರು ಸಲ ಮಾಡಿ.

ಒತ್ತಿದರೆ ಜೋರಾಗಿ ಕೂಗುವ ಪುಟ್ಟ ಅಲಾರಂ ಜನರಿರುವ ಕಡೆ ಉಪಯುಕ್ತ, ನಿರ್ಜನ ಜಾಗದಲ್ಲಿ ಅಷ್ಟಕ್ಕಷ್ಟೇ. ಬ್ಯಾಟರಿ ತಿಂಗಳಿಗೊಮ್ಮೆ ಪರೀಕ್ಷಿಸಿ. ಈಗಿನ ಬಹಳಷ್ಟು ಫೋನುಗಳಲ್ಲಿ ಪಕ್ಕದ ಗುಂಡಿಯನ್ನು ಬೇಗಬೇಗ ಐದು ಸಲ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಇದೆ. ಸೆಟ್ಟಿಂಗ್ಸ್‌ನಲ್ಲಿ ಅದು ಚಾಲೂ ಇದೆಯೇ ಎಂದು ಇವತ್ತೇ ನೋಡಿ.

ಎದುರಾಳಿ ಪರಿಚಿತನೇ ಆಗಿದ್ದರೆ?

ಪಟ್ಟು ಕಲಿಸುವವರು ಕಡಿಮೆ ಮಾತಾಡುವ ವಿಷಯ ಇದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ ಸುಮಾರು ಮೂವರಲ್ಲಿ ಒಬ್ಬ ಹೆಂಗಸು ಬದುಕಿನಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡವಳು, ಅದರಲ್ಲಿ ಹೆಚ್ಚಿನದು ಸಂಗಾತಿಯಿಂದಲೇ. ಅಲ್ಲಿ ಅಡ್ಡಬರುವುದು ಬಲಕ್ಕಿಂತ ಸಂಕೋಚ: ಇವನು ಹೀಗೆ ಮಾಡಲಾರ, ಕೂಗಿದರೆ ಏನೆಂದುಕೊಂಡಾರು. ಮೊದಲ ಅನುಚಿತ ಮುಟ್ಟುವಿಕೆಗೇ ಸ್ಪಷ್ಟವಾಗಿ ‘ಬೇಡ’ ಎನ್ನುವುದು, ಎದ್ದು ಹೊರಡುವುದು ಇಲ್ಲಿನ ಪಟ್ಟು. ಇದನ್ನು ಬಾಯಿ ಬಿಟ್ಟು ಹೇಳಿ ಅಭ್ಯಾಸ ಮಾಡಬೇಕಾಗುತ್ತದೆ, ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಮನೆಯೊಳಗೆ ಪದೇ ಪದೇ ಹಿಂಸೆ ಇದ್ದಾಗ ಒಂದು ಸಲ ತಿರುಗಿ ಹೊಡೆದದ್ದರಿಂದ ಅಪಾಯ ಹೆಚ್ಚಲೂಬಹುದು. ಅಲ್ಲಿ ಬೇಕಾದದ್ದು ಹೊರಡುವ ಯೋಜನೆ, ಕಾಗದಪತ್ರ, ನಂಬುವ ಇಬ್ಬರು, ಸಹಾಯವಾಣಿ.

ಎಷ್ಟು ಗಂಟೆ ಕಲಿತರೆ ಪ್ರಯೋಜನವಾಗುತ್ತದೆ?

ಎರಡು ಗಂಟೆಯ ಕಾರ್ಯಾಗಾರದಿಂದ ಕಣ್ಣು ತೆರೆಯುತ್ತದೆ, ಕೈ ಪಳಗುವುದಿಲ್ಲ. ಆದರೆ ಕೆಲವೇ ಗಂಟೆಗಳು ಸರಿಯಾಗಿ ಬಳಕೆಯಾದರೆ ಏನಾಗುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಅಧ್ಯಯನವಿದೆ. ಕೆನಡಾದ ಚಾರ್ಲೀನ್ ಸೆನ್ ಮತ್ತು ಸಂಗಡಿಗರು ಮೂರು ವಿಶ್ವವಿದ್ಯಾಲಯಗಳ 893 ಮೊದಲ ವರ್ಷದ ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಟ್ಟು 12 ಗಂಟೆಯ ತರಬೇತಿ, ಇನ್ನೊಂದಕ್ಕೆ ಬರೀ ಮಾಹಿತಿ ಪತ್ರ. ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರು ಎರಡನೆಯ ಗುಂಪಿನಲ್ಲಿ ಶೇ. 9.8, ತರಬೇತಿ ಪಡೆದವರಲ್ಲಿ ಶೇ. 5.2. ಇದು 2015ರಲ್ಲಿ ಪ್ರಕಟವಾಯಿತು. ಗಮನಿಸಬೇಕಾದದ್ದು ಆ 12 ಗಂಟೆಯ ಹಂಚಿಕೆಯನ್ನು. ಹೊಡೆತ ಬಡಿತಕ್ಕೆ ಮೀಸಲಾದದ್ದು ನಾಲ್ಕರಲ್ಲಿ ಒಂದು ಭಾಗ ಮಾತ್ರ. ಉಳಿದದ್ದು ಅಪಾಯ ಗುರುತಿಸುವುದು, ಪರಿಚಿತರೇ ಅಪಾಯವಾಗಬಹುದೆಂದು ಒಪ್ಪಿಕೊಳ್ಳಲು ಅಡ್ಡಬರುವ ಸಂಕೋಚ ದಾಟುವುದು, ತನಗೇನು ಬೇಕು ಏನು ಬೇಡ ಎಂಬ ಸ್ಪಷ್ಟತೆ.

ಕೈಗೆ ಹತ್ತಿದ್ದೂ ಬಿಟ್ಟರೆ ಹೋಗುತ್ತದೆ. ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಕಲಿತವರ ಕೈಚಳಕವೂ ತಿಂಗಳುಗಳಲ್ಲಿ ಮಂಕಾಗುತ್ತದೆ. ಪಟ್ಟುಗಳದ್ದೂ ಅದೇ ಪಾಡು.

ಯಾವ ಕಲೆ ಕಲಿಯಲಿ? ಒಳ್ಳೆಯ ತರಗತಿ ಯಾವುದೆಂದು ತಿಳಿಯುವುದು ಹೇಗೆ?

ಕಲೆಯ ಹೆಸರಿಗಿಂತ ಕಲಿಸುವ ರೀತಿ ಮುಖ್ಯ. ಬಾಕ್ಸಿಂಗ್, ಕುಸ್ತಿ, ಜೂಡೊ, ನೆಲದ ಮೇಲೆ ಹಿಡಿದು ಸೆಣಸುವ ಬ್ರೆಜಿಲಿಯನ್ ಜಿಯು ಜಿತ್ಸು ಇವುಗಳಲ್ಲಿ ಎದುರಿನವನು ನಿಜವಾಗಿ ಸೆಣಸುತ್ತಾನೆ, ಹಾಗಾಗಿ ಕಲಿತದ್ದು ನಿಲ್ಲುತ್ತದೆ. ಕೊರತೆಯೆಂದರೆ ಅವು ಆಟದ ನಿಯಮದೊಳಗಿವೆ, ಮಾತು ಮತ್ತು ಓಟ ಅಲ್ಲಿಲ್ಲ. ಕ್ರಾವ್ ಮಗಾ ಎಂಬ ಇಸ್ರೇಲಿ ಆತ್ಮರಕ್ಷಣಾ ಪದ್ಧತಿ ಬೀದಿಯನ್ನೇ ಮನಸ್ಸಿನಲ್ಲಿಟ್ಟುಕೊಂಡದ್ದು, ಆದರೆ ಗುಣಮಟ್ಟ ಒಂದು ಕೇಂದ್ರದಿಂದ ಇನ್ನೊಂದಕ್ಕೆ ಅಜಗಜಾಂತರ.

ಸೇರುವ ಮುನ್ನ ಒಂದು ತರಗತಿ ಕುಳಿತು ನೋಡಿ. ಎದುರಿನವನು ಪ್ರತಿರೋಧ ಒಡ್ಡುತ್ತಾನೆಯೇ? ಪಟ್ಟು ವಿಫಲವಾದರೆ ಮುಂದೇನು ಎಂದು ಹೇಳುತ್ತಾರೆಯೇ? ಕೂಗಿಸುತ್ತಾರೆಯೇ? ‘ಇದು ನೂರಕ್ಕೆ ನೂರು ಕೆಲಸ ಮಾಡುತ್ತದೆ’ ಎಂದು ಗುರುಗಳು ಹೇಳಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ.

ಮನೆಯಲ್ಲಿ ಏನು ಅಭ್ಯಾಸ ಮಾಡಬಹುದು?

ವಾರಕ್ಕೆ ಎರಡು ಸಲ, ಹದಿನೈದು ನಿಮಿಷ. ಒಬ್ಬರು ದಪ್ಪ ದಿಂಬನ್ನು ಎದೆಗೆ ಹಿಡಿದು ನಿಲ್ಲಲಿ, ಇನ್ನೊಬ್ಬರು ಅಂಗೈಯಿಂದ ಹತ್ತು ಸೆಕೆಂಡು ಬಿಡದೆ ಹೊಡೆಯಲಿ, ಹೊಡೆಯುತ್ತಲೇ ‘ಹಿಂದೆ ಹೋಗು’ ಎಂದು ಕೂಗಲಿ. ಹತ್ತು ಸೆಕೆಂಡು ಎಷ್ಟು ದೀರ್ಘ ಎಂದು ಆಗ ತಿಳಿಯುತ್ತದೆ. ಮಣಿಕಟ್ಟಿನ ಪಟ್ಟನ್ನು ಮೊದಲು ಸಡಿಲ ಹಿಡಿತದಲ್ಲಿ, ನಂತರ ಅರ್ಧ ಬಲದಲ್ಲಿ, ಕೊನೆಗೆ ಎಳೆದಾಡುತ್ತಾ ಮಾಡಿ. ನೆಲದಿಂದ ಏಳುವುದು ಎರಡೂ ಪಕ್ಕಕ್ಕೆ ಐದೈದು ಸಲ. ನಿಲ್ಲಿಸಬೇಕೆನಿಸಿದರೆ ಎರಡು ಸಲ ತಟ್ಟುವುದು ಎಂಬ ಸಂಕೇತ ಮೊದಲೇ ಇರಲಿ. ಕತ್ತು ಹಿಸುಕುವುದನ್ನು ಮಾತ್ರ ಬಲ ಹಾಕಿ ಅಭ್ಯಾಸ ಮಾಡಬೇಡಿ.

ವಯಸ್ಸಾದವರು, ಮಂಡಿನೋವಿನವರು?

ಒದೆ, ಓಟ ಬಿಟ್ಟು ಉಳಿದದ್ದೆಲ್ಲ ಅನ್ವಯಿಸುತ್ತದೆ. ಗೋಡೆಗೆ ಬೆನ್ನು ಕೊಟ್ಟರೆ ಬೀಳುವ ಭಯ ಕಡಿಮೆ. ಊರುಗೋಲು ಇದ್ದರೆ ಅದನ್ನು ಬೀಸಬೇಡಿ, ಬೀಸಿದ ಕೋಲನ್ನು ಹಿಡಿದು ಕಸಿಯುವುದು ಸುಲಭ. ಎರಡೂ ಕೈಯಲ್ಲಿ ಹಿಡಿದು ತುದಿಯಿಂದ ಹೊಟ್ಟೆಗೆ ತಿವಿದು ದೂರ ಇಡಿ.

ನಾನು ಹೊಡೆದರೆ ನನ್ನ ಮೇಲೇ ಕೇಸು ಬೀಳುತ್ತದೆಯೇ?

ವಿವರ ದೇಶದಿಂದ ದೇಶಕ್ಕೆ ಬೇರೆ, ತಿರುಳು ಹೆಚ್ಚುಕಡಿಮೆ ಒಂದೇ: ಅಪಾಯ ಆ ಕ್ಷಣದ್ದಾಗಿರಬೇಕು, ಬಳಸಿದ ಬಲ ಅದಕ್ಕೆ ತಕ್ಕಷ್ಟಿರಬೇಕು, ಅಪಾಯ ಹೋದ ಮೇಲೆ ನಿಲ್ಲಬೇಕು. ತಳ್ಳಿದವನನ್ನು ತಳ್ಳಿ ಓಡಿದರೆ ರಕ್ಷಣೆ. ಅವನು ಬೆನ್ನು ತಿರುಗಿಸಿ ಹೋಗುವಾಗ ಅಟ್ಟಿಸಿಕೊಂಡು ಹೋಗಿ ಹೊಡೆದರೆ ಹಲ್ಲೆ.

ಎಲ್ಲ ಮುಗಿದ ಮೇಲೆ ಏನು ಮಾಡಬೇಕು?

ಸುರಕ್ಷಿತ ಜಾಗ ಸೇರಿದ ಮೇಲೆ ಮೈಯನ್ನು ಕೈಯಿಂದ ಸವರಿ ರಕ್ತವಿದೆಯೇ ನೋಡಿ. ಅಡ್ರಿನಲಿನ್ ಇರುವಾಗ ಇರಿತವೂ ಬರೀ ಗುದ್ದಿನಂತೆ ಅನ್ನಿಸಬಹುದು. ಮೈ ನಡುಗುವುದು, ವಾಕರಿಕೆ, ಅಳು ಬರುವುದು ಸಹಜ. ಪೊಲೀಸರಿಗೆ ತಿಳಿಸಿ. ಎತ್ತರ, ಬಟ್ಟೆ, ದನಿ, ಗಾಡಿಯ ಸಂಖ್ಯೆ, ಹೋದ ದಿಕ್ಕು ನೆನಪಿದ್ದಷ್ಟನ್ನು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. ನೆನಪು ತುಂಡುತುಂಡಾಗಿ ಬಂದರೂ ಚಿಂತೆಯಿಲ್ಲ, ಕ್ರಮಕ್ಕೆ ತರಲು ಹೋಗಬೇಡಿ. ಲೈಂಗಿಕ ದೌರ್ಜನ್ಯವಾಗಿದ್ದರೆ ಸ್ನಾನ ಮಾಡುವ, ಬಟ್ಟೆ ಒಗೆಯುವ ಮುನ್ನ ವೈದ್ಯರ ಬಳಿ ಹೋಗಿ. ಕಳಚಿದ ಬಟ್ಟೆಯನ್ನು ಪ್ಲಾಸ್ಟಿಕ್ ಬದಲು ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ತೇವ ಉಳಿದು ಸಾಕ್ಷ್ಯ ಕೆಡುತ್ತದೆ. ನಿದ್ದೆ ಬಾರದಿರುವುದು, ಮತ್ತೆ ಮತ್ತೆ ಆ ದೃಶ್ಯ ಕಣ್ಣ ಮುಂದೆ ಬರುವುದು ಒಂದು ತಿಂಗಳು ದಾಟಿದರೂ ಇಳಿಯದಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.